ಖಾಲಿ ಸೀಟು ತುಂಬಲು ಕಾನೂನೇ ದಾರಿ ಬಿಡಬೇಕು

ಬೆಂಗಳೂರಿನ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗಿನ ಹೊರವರ್ತುಲ ರಸ್ತೆ ಸುಮಾರು 17 ಕಿ.ಮೀ. ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿ ತೆವಳುವ ಕಾರುಗಳೊಳಗೆ ಇಣುಕಿದರೆ, ಹೆಚ್ಚಿನವುಗಳಲ್ಲಿ ಸ್ಟಿಯರಿಂಗ್ ಹಿಡಿದವರು ಮಾತ್ರ. ಪಕ್ಕದ ಸೀಟಿನಲ್ಲಿ ಲ್ಯಾಪ್‌ಟಾಪ್ ಬ್ಯಾಗು. ಒಂದೇ ಬಡಾವಣೆಯಿಂದ ಒಂದೇ ಟೆಕ್ ಪಾರ್ಕಿಗೆ, ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಹೊರಡುವವರು ಬೇಕಾದಷ್ಟಿದ್ದಾರೆ. ಅವರನ್ನು ಜೊತೆಗೂಡಿಸುವ ಆ್ಯಪ್‌ಗಳಿಗೂ ಬರವಿಲ್ಲ. ಬೆಂಗಳೂರಿನದೇ ಆದ ಕ್ವಿಕ್ ರೈಡ್ ಶುರುವಾದದ್ದು 2015ರಲ್ಲಿ. ಇಷ್ಟಿದ್ದೂ ಕಾರ್‌ಪೂಲಿಂಗ್ ಊರಿನ ರೂಢಿಯಾಗಲಿಲ್ಲ. ತೊಡಕು ಕಾನೂನಿನಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಪರ್ಮಿಟ್ ಇಲ್ಲದ ಬಿಳಿ ಬೋರ್ಡ್ ಕಾರು ಬಾಡಿಗೆಗೆ ಜನರನ್ನು ಒಯ್ಯುವಂತಿಲ್ಲ. ಪೆಟ್ರೋಲ್ ಖರ್ಚು ಹಂಚಿಕೊಂಡರೆ ಅದು ಬಾಡಿಗೆಯೋ ಅಲ್ಲವೋ? ಇದಕ್ಕೆ ನೇರ ಉತ್ತರವಿಲ್ಲದ್ದರಿಂದಲೇ 2023ರಲ್ಲಿ ಕಾರ್‌ಪೂಲಿಂಗ್ ನಿಷೇಧವಾಯಿತೆಂಬ ಸುದ್ದಿ ಹಬ್ಬಿ, ಸಾರಿಗೆ ಸಚಿವರು ಸ್ಪಷ್ಟನೆ ಕೊಡಬೇಕಾಯಿತು. ಆರ್‌ಟಿಒ ಅಧಿಕಾರಿ ಕಾರು ಹಿಡಿದಾರು ಎಂಬ ಅಳುಕಿರುವವರು ಅಪರಿಚಿತರಿಗೆ ಬಾಗಿಲು ತೆರೆಯುವುದಿಲ್ಲ. ಕಾರು ಕೊಡುವವರು ಕಡಿಮೆಯಾದರೆ ಹುಡುಕುವವರಿಗೆ ಜೊತೆ ಸಿಗುವುದಿಲ್ಲ. ನಾಲ್ಕು ದಿನ ಹುಡುಕಿ ಸೋತವರು ಐದನೇ ದಿನ ತಮ್ಮದೇ ಕಾರು ತೆಗೆಯುತ್ತಾರೆ.

ಗೆರೆ ಎಳೆಯುವುದು ಅಸಾಧ್ಯವೇನಲ್ಲ. ಚಾಲಕ ತನ್ನ ಕೆಲಸಕ್ಕೇ ಹೊರಟಿರಬೇಕು, ಖರ್ಚು ಹಂಚಿಕೊಳ್ಳಬಹುದೇ ಹೊರತು ಲಾಭ ಮಾಡುವಂತಿಲ್ಲ ಎಂದು ಫ್ರಾನ್ಸ್ ತನ್ನ ಕಾನೂನಿನಲ್ಲೇ ಬರೆದುಕೊಂಡಿದೆ. ನಮ್ಮ ಕೇಂದ್ರ ಸರ್ಕಾರದ 2020ರ ಮಾರ್ಗಸೂಚಿಯಂತೂ ಲೆಕ್ಕವನ್ನೇ ಕೊಟ್ಟಿತ್ತು: ಒಂದು ಖಾಸಗಿ ವಾಹನಕ್ಕೆ ನಗರದೊಳಗೆ ದಿನಕ್ಕೆ ಹೆಚ್ಚೆಂದರೆ ನಾಲ್ಕು ಹಂಚಿಕೆಯ ಪ್ರಯಾಣ, ಊರಿಂದೂರಿಗೆ ವಾರಕ್ಕೆ ಎರಡು. ಬೇಡವೆನ್ನುವ ಅಧಿಕಾರವನ್ನು ರಾಜ್ಯಗಳಿಗೇ ಬಿಟ್ಟಿತ್ತು. ಪ್ರಯಾಣಗಳ ಈ ಲೆಕ್ಕದ ಜೊತೆಗೆ ಕಿಲೋಮೀಟರಿಗೆ ಇಂತಿಷ್ಟೇ ಹಣ ಎಂಬ ಮಿತಿಯನ್ನೂ ರಾಜ್ಯ ಸರ್ಕಾರ ಹಾಕಲಿ. ಪ್ರತಿ ಪ್ರಯಾಣವೂ ಆ್ಯಪಿನಲ್ಲಿ ದಾಖಲಾಗುವುದರಿಂದ ಮಿತಿ ಮೀರಿದವರನ್ನು ಹಿಡಿಯಲು ರಸ್ತೆಗಿಳಿಯಬೇಕಾಗಿಯೂ ಇಲ್ಲ.

ಟ್ಯಾಕ್ಸಿ ಚಾಲಕರ ಆಕ್ಷೇಪವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅವರು ತೆರಿಗೆ, ಪರ್ಮಿಟ್, ಎಫ್‌ಸಿ, ದುಬಾರಿ ವಿಮೆ ಎಲ್ಲಕ್ಕೂ ದುಡ್ಡು ಸುರಿದು ಹಳದಿ ಬೋರ್ಡ್ ಹಾಕಿಕೊಂಡವರು. ಬಿಳಿ ಬೋರ್ಡಿನಲ್ಲಿ ದಿನವಿಡೀ ಬಾಡಿಗೆ ಹೊಡೆಯುವವರಿಂದ ಅವರಿಗೆ ನಿಜಕ್ಕೂ ಅನ್ಯಾಯವಾಗುತ್ತಿದೆ. ಆದರೆ ನಿಯಮ ಮಸುಕಾಗಿದ್ದಷ್ಟೂ ಆ ಕಳ್ಳ ಬಾಡಿಗೆಗೇ ಅನುಕೂಲ. ದಿನದ ಮಿತಿ ಸ್ಪಷ್ಟವಾದರೆ ಅದು ಮೊದಲು ರಕ್ಷಿಸುವುದು ಹಳದಿ ಬೋರ್ಡಿನವರನ್ನೇ. ಬಸ್ಸಿನ ಜನ ಕಾರಿಗೆ ಹೋದಾರು ಎಂಬ ಆತಂಕವೂ ಇದೆ. ಸ್ವಲ್ಪಮಟ್ಟಿಗೆ ಅದು ನಿಜವಾಗಬಹುದು. ಮೆಟ್ರೊ ಮತ್ತು ಬಿಎಂಟಿಸಿ ತಲುಪದ ಕಡೆಗೆ ಮೊದಲ ಆದ್ಯತೆ ಕೊಟ್ಟರೆ ಆ ನಷ್ಟ ತಗ್ಗುತ್ತದೆ.

ಹೆಣ್ಣುಮಕ್ಕಳ ಸುರಕ್ಷತೆಯ ಪ್ರಶ್ನೆ ಇವೆಲ್ಲಕ್ಕಿಂತ ದೊಡ್ಡದು. ಕಂಪನಿಯ ಇಮೇಲ್ ಮೂಲಕ ಗುರುತಿನ ಖಾತ್ರಿ, ಮಹಿಳೆಯರೊಂದಿಗೆ ಮಾತ್ರ ಪ್ರಯಾಣಿಸುವ ಆಯ್ಕೆ, ಕಾರು ಎಲ್ಲಿದೆಯೆಂದು ಮನೆಯವರಿಗೆ ತೋರುವ ಸೌಲಭ್ಯ, ಇವು ಆ್ಯಪ್‌ಗಳಿಗೆ ಕೊಡುವ ಪರವಾನಗಿಯ ಷರತ್ತುಗಳಾಗಲಿ. ಮರಳುವ ದಾರಿಯೂ ಅಷ್ಟೇ ಮುಖ್ಯ. ಬೆಳಿಗ್ಗೆ ಸಹೋದ್ಯೋಗಿಯ ಕಾರಿನಲ್ಲಿ ಬಂದವರನ್ನು ಸಂಜೆ ಮೀಟಿಂಗೊಂದು ಎಂಟರವರೆಗೆ ಕೂರಿಸಿಬಿಟ್ಟರೆ ಮನೆಗೆ ಹೋಗುವುದು ಹೇಗೆ? ಅಂಥ ದಿನ ಕ್ಯಾಬಿನ ಖರ್ಚನ್ನು ಕಂಪನಿಯೇ ಭರಿಸುವಂತೆ ಹೊರವರ್ತುಲ ರಸ್ತೆಯ ಟೆಕ್ ಪಾರ್ಕುಗಳೊಂದಿಗೆ ಸಾರಿಗೆ ಇಲಾಖೆ ಮಾತಾಡಬೇಕು. ಈ ಪ್ರಯೋಗಕ್ಕೆ ಹೊಸ ಮೇಲ್ಸೇತುವೆಯೂ ಬೇಕಿಲ್ಲ, ಭೂಸ್ವಾಧೀನವೂ ಬೇಕಿಲ್ಲ. ಒಂದು ಸ್ಪಷ್ಟ ಅಧಿಸೂಚನೆ ಹೊರಟರೆ ಆರಂಭಿಸಬಹುದು.