ಐದು ಮಿಲಿಮೀಟರ್ ಪಟ್ಟಿಯ ಗುಟ್ಟು

ಕಳೆದ ದೀಪಾವಳಿಗೆ ಪುಣೆಯ ನಮ್ಮ ಸೊಸೈಟಿಯ ಕನ್ನಡದವರೆಲ್ಲ ಸೇರಿದ್ದೆವು. ಕಾರಿನ ಟೈಮಿಂಗ್ ಬೆಲ್ಟ್ ಬದಲಿಸಲು ಬೇಕಾದ ಸ್ಪೆಷಲ್ ಟೂಲ್ ನಾನೇ ಮಾಡಿಕೊಂಡೆ ಅಂತ ಮಾತಿನ ಮಧ್ಯೆ ಹೇಳಿದೆ. ಒಬ್ಬರು ನಕ್ಕರು. ಇನ್ನೊಬ್ಬರು, "ನಿಮ್ಮ ಒಂದು ಗಂಟೆಯ ಬಿಲ್ಲಿಂಗ್ ರೇಟ್ ಎಷ್ಟು, ಲೆಕ್ಕ ಹಾಕಿದ್ದೀರಾ?" ಅಂದರು. ಮೂರನೆಯವರು ನನ್ನ ಹಾಗೇ ಎಂ.ಟೆಕ್. ಮಾಡಿದವರು. ಅವರು ಗಂಭೀರವಾಗಿ, "ಇದು ಡೂಪ್ಲಿಕೇಟ್ ಮಾಲು ಮಾಡಿದ ಹಾಗಲ್ಲವೇ?" ಎಂದು ಕೇಳಿದರು. ಮೊದಲಿಬ್ಬರನ್ನು ಬಿಟ್ಟುಬಿಡೋಣ. ಮೂರನೆಯವರಿಗೆ ಆವತ್ತು ಸರಿಯಾಗಿ ಉತ್ತರ ಕೊಡಲಾಗಲಿಲ್ಲ, ಈಗ ಕೊಡುತ್ತಿದ್ದೇನೆ.

ನನ್ನದು ಹನ್ನೊಂದು ವರ್ಷ ಹಳೆಯ ಪೆಟ್ರೋಲ್ ಕಾರು. ಇಂಜಿನ್ನಿನ ತಲೆಯ ಮೇಲೆ ಎರಡು ಕ್ಯಾಮ್‌ಶಾಫ್ಟ್, ಕೆಳಗೆ ಕ್ರ್ಯಾಂಕ್‌ಶಾಫ್ಟ್. ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಕ್ಯಾಮ್ ಒಂದು ಸುತ್ತು ಸುತ್ತಬೇಕು, ಅವುಗಳನ್ನು ಕಟ್ಟಿಹಾಕಿರುವುದು ಒಂದು ರಬ್ಬರ್ ಬೆಲ್ಟ್. ಲೆಕ್ಕ ತಪ್ಪಿದರೆ ಇಂಥ ಇಂಜಿನ್ನಿನಲ್ಲಿ ವಾಲ್ವ್ ಪಿಸ್ಟನ್ನಿಗೆ ಬಡಿದು ಬಾಗುತ್ತದೆ. ಹಲವು ಇಂಜಿನ್‌ಗಳಲ್ಲಿ ಪುಲ್ಲಿಗೆ ಒಂದು ಕೀ ಇರುತ್ತದೆ, ತಪ್ಪಾಗಿ ಕೂರಿಸಬೇಕೆಂದರೂ ಆಗುವುದಿಲ್ಲ. ನನ್ನದರಲ್ಲಿ ಕೀ ಇಲ್ಲ, ಬೋಲ್ಟಿನ ಬಿಗಿತವೊಂದೇ ಪುಲ್ಲಿಯನ್ನು ಹಿಡಿದಿರುತ್ತದೆ. ಆ ಬೋಲ್ಟ್ ಸಡಿಲಿಸುವ ಮೊದಲು ಶಾಫ್ಟುಗಳನ್ನು ಅವುಗಳ ಜಾಗದಲ್ಲೇ ನಿಲ್ಲಿಸಬೇಕು. ಕ್ಯಾಮ್‌ಗಳ ಹಿಂದಿನ ತುದಿಯಲ್ಲಿ ಒಂದೊಂದು ಸೀಳು ಇದೆ, ಎರಡರಲ್ಲೂ ಹಾದುಹೋಗುವ ಒಂದು ಚಪ್ಪಟೆ ಪಟ್ಟಿ ಸೇರಿಸಿದರೆ ಕ್ಯಾಮ್ ಲಾಕ್. ಇಂಜಿನ್ ಬ್ಲಾಕಿನ ಒಂದು ಮುಚ್ಚಳದ ಬೋಲ್ಟ್ ಬಿಚ್ಚಿ ಅಲ್ಲೊಂದು ಪಿನ್ ತಿರುಗಿಸಿ, ಕ್ರ್ಯಾಂಕನ್ನು ಅದಕ್ಕೆ ತಾಗುವವರೆಗೆ ಮೆಲ್ಲಗೆ ತಿರುಗಿಸಿದರೆ ಮೊದಲ ಪಿಸ್ಟನ್ ಸರಿಯಾಗಿ ಮೇಲ್ತುದಿಯಲ್ಲಿ ನಿಲ್ಲುತ್ತದೆ.

ಸ್ಪೆಷಲ್ ಟೂಲ್ ಅಂದರೆ ಇಷ್ಟೇ. ಒಂದು ಪಟ್ಟಿ, ಒಂದು ಪಿನ್. ಸ್ಪ್ರಿಂಗಿಲ್ಲ, ಗೇರಿಲ್ಲ, ಎಲೆಕ್ಟ್ರಾನಿಕ್ಸ್ ಇಲ್ಲ.

ಸರ್ವಿಸ್ ಸೆಂಟರಿನಲ್ಲಿ ಟೂಲ್ ಬೇರೆ ಊರಿಂದ ಬರಬೇಕು, ಎರಡು ವಾರ ಕಾಯಿರಿ ಅಂದರು. ನಾನೇ ಕೊಂಡುಕೊಳ್ಳುತ್ತೇನೆ ಅಂದೆ. ಗಿರಾಕಿಗಳಿಗೆ ಮಾರುವುದಿಲ್ಲವಂತೆ. ಹೋಗಲಿ, ಪಟ್ಟಿಯ ದಪ್ಪ ಎಷ್ಟು ಹೇಳಿ ಅಂದೆ. "ಅದು ಕಾನ್ಫಿಡೆನ್ಷಿಯಲ್ ಸರ್." ದುಡ್ಡು ಕೊಟ್ಟು ಕೊಂಡ ಕಾರು ನನ್ನದು, ಅದರೊಳಗಿನ ಸೀಳೂ ನನ್ನದೇ. ಆ ಸೀಳಿನ ಅಗಲ ಮಾತ್ರ ಕಂಪನಿಯ ಗುಟ್ಟು!

ನಮ್ಮ ಬೀದಿಯ ತಿರುವಿನಲ್ಲಿ ವಿಜಯಪುರ ಜಿಲ್ಲೆಯಿಂದ ಬಂದ ಮೆಕ್ಯಾನಿಕ್ ಒಬ್ಬರಿದ್ದಾರೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ. ಅವರು ಬಾನೆಟ್ ಎತ್ತಿ ನೋಡಿ ಹೇಳಿದರು: "ಸರ್, ನಂಬಲ್ಲಿ ಆ ಪ್ಲೇಟ್ ಇಲ್ರಿ. ವೈಟ್ನರ್ ಹಚ್ಚಿ ಗುರ್ತು ಮಾಡಿ ಹಾಕ್ತೀನಿ, ಆದ್ರ ಗ್ಯಾರಂಟಿ ಕೊಡಂಗಿಲ್ಲ." ಹಳೆಯ ಬೆಲ್ಟಿನ ಹಲ್ಲಿಗೂ ಪುಲ್ಲಿಗೂ ಗುರುತು ಹಾಕಿ ಹೊಸ ಬೆಲ್ಟಿಗೆ ಅದನ್ನು ದಾಟಿಸುವುದು ಕೀ ಇರುವ ಇಂಜಿನ್‌ಗಳಲ್ಲಿ ನಡೆಯುತ್ತದೆ. ಕೀ ಇಲ್ಲದ ಕಡೆ, ಅದರಲ್ಲೂ ಆಯಿಲ್ ಸೀಲ್ ಬದಲಿಸಲು ಪುಲ್ಲಿಯನ್ನೇ ಬಿಚ್ಚಿದಾಗ, ವೈಟ್ನರ್ ಗುರುತಿಗೆ ಬೆಲೆಯಿಲ್ಲ. ಇದು ಅವರಿಗೆ ಚೆನ್ನಾಗಿ ಗೊತ್ತು, ಅದಕ್ಕೇ ಗ್ಯಾರಂಟಿ ಇಲ್ಲ ಅಂದದ್ದು. ಇಂಥ ಗಾಡಿಗಳನ್ನು ಈಗೀಗ ವಾಪಸ್ಸು ಕಳಿಸುತ್ತಾರಂತೆ. ಕೈಯಲ್ಲಿ ಕೆಲಸ ಇದ್ದೂ ಪಟ್ಟಿ ಇಲ್ಲದ್ದಕ್ಕೆ ಗಿರಾಕಿ ಕಳೆದುಕೊಳ್ಳುವ ಅವಸ್ಥೆ. ನನ್ನ ಎರಡು ವಾರದ ಕ್ಯಾಬ್ ಬಾಡಿಗೆ ಅದರ ಮುಂದೆ ಏನೂ ಅಲ್ಲ.

ಆದ್ದರಿಂದ ಅಳತೆಗೆ ಕೂತೆ. ಮೆಷಿನ್ ಡಿಸೈನಿನಲ್ಲಿ ಎಂ.ಟೆಕ್. ಮಾಡಿದ್ದರೂ ಬಿ.ಇ. ಮೊದಲ ವರ್ಷದ ವರ್ಕ್‌ಶಾಪ್ ನಂತರ ನಾನು ಅರ ಹಿಡಿದವನಲ್ಲ. ಸೀಳು 5 ಮಿ.ಮೀ. ಇತ್ತು. ಜುನಾ ಬಜಾರಿನಲ್ಲಿ ಒಂದು 5 ಮಿ.ಮೀ. ಪಟ್ಟಿ ತಂದು ಕತ್ತರಿಸಿದೆ, ಕೂತಿತು, ಬೀಗಿದೆ. ಆಮೇಲೆ ನೋಡಿದರೆ ಅಲುಗಾಡುತ್ತಿತ್ತು. ಗುಜರಿಯ ಪಟ್ಟಿ ಒಂದು ಕಡೆ 5 ಇದ್ದರೆ ಇನ್ನೊಂದು ಕಡೆ 4.8. ಈ 0.2 ಮಿ.ಮೀ. ಏನು ಮಹಾ ಅನ್ನಬೇಡಿ. 30 ಮಿ.ಮೀ. ಉದ್ದದ ಸೀಳಿನಲ್ಲಿ ಅದು ಕ್ಯಾಮನ್ನು ಸುಮಾರು 0.4 ಡಿಗ್ರಿ ಆಡಿಸುತ್ತದೆ, ಕ್ರ್ಯಾಂಕಿನ ಲೆಕ್ಕದಲ್ಲಿ ಅದರ ಎರಡರಷ್ಟು. ಕೊನೆಗೆ ಭೋಸರಿಯ ಒಂದು ಜಾಬ್ ಶಾಪಿನಲ್ಲಿ ದಪ್ಪ ಪಟ್ಟಿಯನ್ನು ಸರ್ಫೇಸ್ ಗ್ರೈಂಡಿಂಗ್ ಮಾಡಿಸಿ 4.98ಕ್ಕೆ ತಂದೆ. ಅಲ್ಲಿನ ಕಾಕಾ 350 ರೂಪಾಯಿ ತೆಗೆದುಕೊಂಡರು, ಚಹಾ ಅವರದೇ.

ಪಿನ್ನಿನದು ಇನ್ನೂ ದೊಡ್ಡ ಕತೆ, ಏಕೆಂದರೆ ಅಲ್ಲಿ ಉದ್ದವೇ ಎಲ್ಲ. 40 ಮಿ.ಮೀ. ತ್ರಿಜ್ಯದಲ್ಲಿ ಪಿನ್ ತಾಗುತ್ತದೆ ಅಂದುಕೊಂಡರೆ, ಉದ್ದ 1 ಮಿ.ಮೀ. ತಪ್ಪಿದಾಗ ಕ್ರ್ಯಾಂಕ್ ಸುಮಾರು 1.4 ಡಿಗ್ರಿ ತಪ್ಪಿ ನಿಲ್ಲುತ್ತದೆ. ಅಸಲಿ ಪಿನ್ ಕೈಯಲ್ಲಿಲ್ಲದೆ ಉದ್ದ ತಿಳಿಯುವುದು ಹೇಗೆ? ಹಳೆಯ ಬೆಲ್ಟ್ ಇನ್ನೂ ಇರುವಾಗಲೇ ಸ್ಪಾರ್ಕ್ ಪ್ಲಗ್ ತೆಗೆದು ಆ ತೂತಿನಲ್ಲಿ ಡಯಲ್ ಗೇಜ್ ಇಟ್ಟೆ. ಮೇಲ್ತುದಿಯ ಹತ್ತಿರ ಪಿಸ್ಟನ್ ಹೆಚ್ಚುಕಡಿಮೆ ನಿಂತೇಬಿಡುತ್ತದೆ, ಗೇಜಿನ ಮುಳ್ಳನ್ನು ನಂಬಿ ತುದಿ ಇದೇ ಅನ್ನುವ ಹಾಗಿಲ್ಲ. ತುದಿಗೆ ಮುಂಚೆ 1 ಮಿ.ಮೀ. ಕೆಳಗಿರುವಾಗ ಕ್ರ್ಯಾಂಕ್ ಪುಲ್ಲಿಯ ಮೇಲೆ ಒಂದು ಗೆರೆ, ದಾಟಿ 1 ಮಿ.ಮೀ. ಇಳಿದಾಗ ಇನ್ನೊಂದು ಗೆರೆ, ಎರಡರ ನಟ್ಟನಡುವೆ ಮೇಲ್ತುದಿ. ಕ್ರ್ಯಾಂಕನ್ನು ಅಲ್ಲಿ ನಿಲ್ಲಿಸಿ, ಬ್ಲಾಕಿನ ಮುಖದಿಂದ ಒಳಗಿನ ಕ್ರ್ಯಾಂಕಿನವರೆಗೆ ಆಳ ಅಳೆದು, ಅದೇ ಥ್ರೆಡ್ಡಿನ ಗಟ್ಟಿ ಬೋಲ್ಟೊಂದನ್ನು ಆ ಉದ್ದಕ್ಕೆ ಲೇತಿನಲ್ಲಿ ಇಳಿಸಿದೆವು. ಅದನ್ನು ಹಾಕಿ ಕ್ರ್ಯಾಂಕ್ ತಾಗಿಸಿದಾಗ ಕ್ಯಾಮಿನ ಪಟ್ಟಿ ತಾನಾಗಿಯೇ ಜಾರಿ ಕೂತಿತು. ಎರಡು ಬೇರೆ ಬೇರೆ ಅಳತೆ ಒಂದೇ ಉತ್ತರ ಕೊಟ್ಟ ಹಾಗಾಯಿತು. ಇಷ್ಟು ವರ್ಷದ ಪ್ರಾಜೆಕ್ಟುಗಳಲ್ಲಿ ಯಾವ ಟೆಸ್ಟ್ ಪಾಸಾದಾಗಲೂ ನನಗೆ ಅಷ್ಟು ಖುಷಿಯಾಗಿಲ್ಲ.

ತಪ್ಪನ್ನೂ ಹೇಳಬೇಕು. ಗುಜರಿಯ ಮೊದಲ ಪಟ್ಟಿಯನ್ನೇ ಬ್ರೇಕಿನ ಹಾಗೆ ನಂಬಿ ಕ್ಯಾಮ್ ಬೋಲ್ಟಿಗೆ ಪಾನಾ ಹಾಕಿದ್ದೆ. ಪಟ್ಟಿ ತಿರುಚಿಕೊಂಡಿತು, ಪುಣ್ಯಕ್ಕೆ ಶಾಫ್ಟಿನ ಸೀಳು ಉಳಿಯಿತು. ಪಟ್ಟಿ, ಪಿನ್ ಇರುವುದು ಜಾಗ ತೋರಿಸಲು, ಬಲ ತಡೆಯಲು ಅಲ್ಲ. ಪುಲ್ಲಿ ಹಿಡಿಯಲು ಬೇರೆಯೇ ಹಿಡಿಕೆ ಬೇಕು, ಅದನ್ನೂ ಎರಡು ಕಬ್ಬಿಣದ ಪಟ್ಟಿಗಳನ್ನು ಕತ್ತರಿಯ ಹಾಗೆ ಜೋಡಿಸಿ ಮಾಡಿದೆವು. ಜುಗಾಡ್ ಅಂತ ಇದನ್ನು ಹೊಗಳುವವರ ಮೇಲೂ ನನಗೆ ಸಿಟ್ಟಿದೆ. ಜುಗಾಡ್ ಅಂದರೆ ಆ ಗುಜರಿ ಪಟ್ಟಿ. ಎಲ್ಲವನ್ನೂ ಮನೆಯಲ್ಲಿ ಮಾಡಿ ಅಂತಲೂ ನಾನು ಹೇಳುವುದಿಲ್ಲ. ಸಸ್ಪೆನ್ಷನ್ ಸ್ಪ್ರಿಂಗ್ ಒತ್ತುವ ಕಂಪ್ರೆಸರ್, ಕಾರಿನಡಿ ಮಲಗುವಾಗ ಇಡುವ ಸ್ಟ್ಯಾಂಡ್, ಟಾರ್ಕ್ ರೆಂಚ್, ಇವನ್ನು ದುಡ್ಡು ಕೊಟ್ಟೇ ತನ್ನಿ. ಕೈಕೊಟ್ಟರೆ ಮೊದಲ ಎರಡು ಪ್ರಾಣ ತೆಗೆಯುತ್ತವೆ.

ಈಗ ಡೂಪ್ಲಿಕೇಟ್ ಪ್ರಶ್ನೆ. ನಾನು ಯಾರ ಲೋಗೋ ಒತ್ತಿಲ್ಲ, ಯಾರಿಗೂ ಅಸಲಿ ಅಂತ ಮಾರಿಲ್ಲ. ನನ್ನದೇ ಇಂಜಿನ್ನನ್ನು ಅಳೆದೆ, ಅಷ್ಟೆ. ನಾವೆಲ್ಲ ಹೊಟ್ಟೆ ಹೊರೆಯುವುದು ಓಪನ್ ಸೋರ್ಸ್ ಲೈಬ್ರರಿಗಳ ಮೇಲೆ, ಡಾಕ್ಯುಮೆಂಟೇಶನ್ ಇಲ್ಲದ ಇಂಟರ್ಫೇಸ್ ಕೊಟ್ಟ ವೆಂಡರನ್ನು ಮೀಟಿಂಗಿನಲ್ಲಿ ಹುರಿದು ಮುಕ್ಕುತ್ತೇವೆ. ಕಾರಿನ ವಿಷಯಕ್ಕೆ ಬಂದರೆ ಮಾತ್ರ ಕಂಪನಿಯ ವಕೀಲರಾಗುತ್ತೇವೆ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿದ್ದು ಬಿಡಿಭಾಗ, ರಿಪೇರಿ ಉಪಕರಣ, ಕೈಪಿಡಿಗಳು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದದ್ದಕ್ಕೇ. ಕಂಪನಿಗಳು ಮೇಲ್ಮನವಿಗೆ ಹೋದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿಗಾಗಿ ಸಮಿತಿ ಮಾಡಿತು, ಅದೇ ಡಿಸೆಂಬರಿನಲ್ಲಿ ಪೋರ್ಟಲ್ಲೂ ಬಂತು. ಪೋರ್ಟಲ್ ಇರಲಿ. ನನ್ನ ಬೇಡಿಕೆ ಸಣ್ಣದು: ಕೈಪಿಡಿಯಲ್ಲಿ ಟೂಲಿನ ನಂಬರ್ ಇರುವ ಜಾಗದಲ್ಲೇ ಅದರ ಡ್ರಾಯಿಂಗೂ ಇರಲಿ, ಅಳತೆ ಮತ್ತು ಟಾಲರೆನ್ಸ್ ಸಮೇತ. ಜನರಲ್ ಮೋಟಾರ್ಸ್ 2017ರ ಕೊನೆಗೆ ಇಲ್ಲಿ ಕಾರು ಮಾರುವುದನ್ನು ನಿಲ್ಲಿಸಿತು, ಫೋರ್ಡ್ 2021ರಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಅವರ ಕಾರುಗಳು ಇನ್ನೂ ನಮ್ಮ ರಸ್ತೆಯಲ್ಲೇ ಓಡುತ್ತಿವೆ.

ಇನ್ನೊಂದು ಮಾತು. ಪ್ರತಿ ಸೆಪ್ಟೆಂಬರ್ 15ಕ್ಕೆ ನಮ್ಮ ಗ್ರೂಪಿನಲ್ಲಿ ವಿಶ್ವೇಶ್ವರಯ್ಯನವರ ಫೋಟೋಗಳ ಸುರಿಮಳೆ. ಅವರು ಓದಿದ್ದು ಇದೇ ಪುಣೆಯಲ್ಲಿ, ಅವರ ಸ್ವಯಂಚಾಲಿತ ಗೇಟುಗಳು 1903ರಲ್ಲಿ ಮೊದಲು ಕೂತದ್ದು ಇಲ್ಲೇ ಪಕ್ಕದ ಖಡಕವಾಸ್ಲಾದಲ್ಲಿ. ಆ ಫೋಟೋ ಫಾರ್ವರ್ಡ್ ಮಾಡಿದ ಕೈಗಳೇ ದೀಪಾವಳಿಯ ದಿನ ನನ್ನ ಉಗುರಿನ ಗ್ರೀಸ್ ನೋಡಿ ನಕ್ಕಿದ್ದು.

ಬೆಲ್ಟ್ ಹಾಕಿದ ಮೇಲೆ ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ ಪಟ್ಟಿ, ಪಿನ್ ಮತ್ತೆ ಹಾಕಿ ನೋಡಿದೆವು. ಕೂತವು. ಈಗ ಎರಡೂ ಮೆಕ್ಯಾನಿಕ್ ಹತ್ತಿರವೇ ಇವೆ, ಪಟ್ಟಿಗೊಂದು ತೂತು ಕೊರೆದು ಗೋಡೆಯ ಮೊಳೆಗೆ ತೂಗುಹಾಕಿದ್ದಾರೆ. ಅದೇ ಇಂಜಿನ್ನಿನ ಎರಡು ಗಾಡಿ ಬಂದುಹೋದವಂತೆ, ಈ ಸಲ ಗ್ಯಾರಂಟಿ ಕೊಟ್ಟೇ ಕಳಿಸಿದ್ದಾರೆ. ಮೊನ್ನೆ ಫೋನ್ ಮಾಡಿ, "ಸರ್, ಒಂದ್ ಡೀಸೆಲ್ ಗಾಡಿ ಬಂದೈತ್ರಿ, ಅದರ ಪಿನ್ ಅಳತಿ ಸಿಗ್ತೈತೇನು ನೋಡ್ರಿ" ಅಂದರು. ಕಂಪನಿಗೆ ಬರೆದಿದ್ದೇನೆ, ಉತ್ತರ ಬಂದಿಲ್ಲ. ಭಾನುವಾರ ಡಯಲ್ ಗೇಜ್ ತೆಗೆದುಕೊಂಡು ಹೋಗುವವನಿದ್ದೇನೆ.