300 ಎಲೆಯ ಲೆಕ್ಕ

ನವೆಂಬರ್ ಬಂತೆಂದರೆ ಮುಂಬಯಿಯ ಕನ್ನಡ ಸಂಘಗಳ ವಾಟ್ಸಾಪ್ ಗುಂಪುಗಳಿಗೆ ಜೀವ ಬರುತ್ತದೆ. ರಾಜ್ಯೋತ್ಸವ, ಅದರ ಬೆನ್ನಿಗೇ ವಾರ್ಷಿಕೋತ್ಸವ, ಯಕ್ಷಗಾನ, ನಾಟಕ. ಮುಖ್ಯ ಅತಿಥಿ ಯಾರೆಂಬುದು ಒಂದೇ ಸಭೆಯಲ್ಲಿ ಇತ್ಯರ್ಥವಾಗುತ್ತದೆ. ಊಟ ಎಷ್ಟು ಜನಕ್ಕೆ ಎಂಬುದು ಹಿಂದಿನ ರಾತ್ರಿಯವರೆಗೂ ಇತ್ಯರ್ಥವಾಗುವುದಿಲ್ಲ. ಅಧ್ಯಕ್ಷರು 400 ಎನ್ನುತ್ತಾರೆ, ಖಜಾಂಚಿ 200 ಎನ್ನುತ್ತಾರೆ, ಇಬ್ಬರ ಮಾನವೂ ಉಳಿಯಲೆಂದು 300 ಎಂದು ಬರೆದುಕೊಳ್ಳುತ್ತೇವೆ.

ನಮ್ಮ ಉಪನಗರದ ಪುಟ್ಟ ಸಂಘದಲ್ಲಿ ಈ ಎಕ್ಸೆಲ್ ಹಾಳೆ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. (ಐಟಿಯವರಿಗೆ ಸಂಘಗಳಲ್ಲಿ ಎರಡೇ ಖಾತೆ: ಒಂದು ಪ್ರೊಜೆಕ್ಟರ್, ಇನ್ನೊಂದು ಎಕ್ಸೆಲ್.) ಆದರೆ ಹಾಳೆಯ ಮೊದಲ ಕಾಲಂ ಯಾವುದಿರಬೇಕು ಎಂದು ಹೇಳಿಕೊಟ್ಟವರು ಉಡುಪಿ ಕಡೆಯ ಒಬ್ಬ ಅಡುಗೆ ಭಟ್ಟರು. "300 ಜನ ಭಟ್ರೇ" ಎಂದೆ. "ಜನ ಇರಲಿ ಮಾರಾಯ್ರೇ, ಎಲೆ ಹಾಕುವುದು ಎಷ್ಟು ಗಂಟೆಗೆ?" ಎಂದರು.

ಒಂಬತ್ತೂವರೆಗೆ ಉಪ್ಪಿಟ್ಟು, ಶೀರಾ ತಿಂದವರನ್ನು ಹನ್ನೆರಡೂವರೆಗೆ ಎಲೆಯ ಮುಂದೆ ಕೂರಿಸಿದರೆ ಅನ್ನ ಉಳಿಯುತ್ತದೆ. ಭಾಷಣಗಳು ಬೆಳೆದು ಎರಡೂವರೆಯಾದರೆ ಅಷ್ಟೇ ಜನಕ್ಕೆ ಅಷ್ಟೇ ಅನ್ನ ಸಾಲದು. ಇನ್ನೂ ತಡವಾದರೆ ದೂರದವರು ಉಣ್ಣದೆ ಎದ್ದು ಹೋಗುತ್ತಾರೆ, ಮತ್ತೆ ಉಳಿಯುತ್ತದೆ. ನಮ್ಮ ಕಾರ್ಯಕ್ರಮಗಳೆಲ್ಲ ಭಾನುವಾರ, ಭಾನುವಾರವೆಂದರೆ ಮೆಗಾಬ್ಲಾಕ್. ಮಾಟುಂಗಾ–ಮುಲುಂಡ್ ನಡುವೆ ಬ್ಲಾಕ್ ಇದ್ದರೆ ಸಾಮಾನ್ಯವಾಗಿ ಬೆಳಗ್ಗೆ 11ರಿಂದ ಸಂಜೆ 4ರ ಹತ್ತಿರದವರೆಗೆ ಲೋಕಲ್‌ಗಳ ವೇಳೆ ಏರುಪೇರು. ಮಾಟುಂಗಾದಲ್ಲಿ ಹಾಲ್ ಹಿಡಿದಿದ್ದರೆ ಡೊಂಬಿವಲಿ, ಕಲ್ಯಾಣದವರು ಒಂದೋ ಬೆಳಗ್ಗೆಯೇ ಬಂದಿರುತ್ತಾರೆ, ಇಲ್ಲವೇ ಬರುವುದೇ ಇಲ್ಲ. ಬ್ಲಾಕಿನ ಪ್ರಕಟಣೆ ಒಂದೆರಡು ದಿನ ಮೊದಲೇ ಬಂದಿರುತ್ತದೆ. ಕ್ಯಾಟರರ್‌ಗೆ ಕೊನೆಯ ಸಂಖ್ಯೆ ಹೇಳುವ ಮುನ್ನ ಅದನ್ನು ನೋಡುವುದು ಲೇಸು. ವಾಟ್ಸಾಪಿನ ಹೆಬ್ಬೆರಳನ್ನಂತೂ ಲೆಕ್ಕಕ್ಕೆ ಹಿಡಿಯಬೇಡಿ. ಅದರ ಅರ್ಥ 'ಓದಿದೆ' ಎಂದಷ್ಟೇ. "ಮನೆಯಿಂದ ಎಷ್ಟು ಜನ? ಊಟಕ್ಕೆ ನಿಲ್ಲುತ್ತೀರಾ?" ಎಂದು ಫೋನ್ ಮಾಡಿ ಕೇಳಿದರೆ ಮಾತ್ರ ಸಂಖ್ಯೆ ಸಿಗುತ್ತದೆ.

ಇನ್ನು ಪ್ರಮಾಣ. ಅನ್ನ, ಸಾರು, ಹುಳಿ, ಪಲ್ಯದ ಸಾದಾ ಊಟಕ್ಕೆ ತಲೆಗೆ 100ರಿಂದ 120 ಗ್ರಾಂ ಅಕ್ಕಿ, ಅಂದರೆ 300 ಜನಕ್ಕೆ 30ರಿಂದ 36 ಕಿಲೋ. ಜೊತೆಗೆ ಪೂರಿ, ಬಿಸಿಬೇಳೆಭಾತ್ ಬಂದರೆ ಬಿಳಿ ಅನ್ನಕ್ಕೆ 60–70 ಗ್ರಾಂ ಸಾಕು. ಸಾರು, ಹುಳಿ ಎರಡಕ್ಕೂ ಸೇರಿ 9–10 ಕಿಲೋ ತೊಗರಿಬೇಳೆ. ಪಾಯಸ ಒಂದು ಸುತ್ತಿಗೆ ತಲೆಗೆ 100 ಮಿಲಿಲೀಟರ್, ಎರಡನೇ ಸುತ್ತು ಕೇಳುವವರೂ ಇರುವುದರಿಂದ 40 ಲೀಟರ್. ಫಿಲ್ಟರ್ ಕಾಫಿಗೆ ಲೀಟರ್ ಹಾಲಿಗೆ ಸುಮಾರು 12 ಸಣ್ಣ ಕಪ್ ಹಿಡಿದರೆ 25 ಲೀಟರ್ ಹಾಲು, ಎರಡೂವರೆ ಕಿಲೋ ಪುಡಿ. ಕುಡಿಯುವ ನೀರು ತಲೆಗೆ ಅರ್ಧ ಲೀಟರ್ ಎಂದರೆ 20 ಲೀಟರಿನ ಎಂಟು ಕ್ಯಾನ್. ಮೇ ತಿಂಗಳ ಮದುವೆಗಾದರೆ ಹದಿನೈದೂ ಹೆಚ್ಚಲ್ಲ. ಅಕ್ಕಿ ಅಷ್ಟನ್ನೂ ಒಮ್ಮೆಲೇ ಬೇಯಿಸಬಾರದು. ಮೂರು ಕಂತು ಮಾಡಿ, ಕೊನೆಯದಕ್ಕೆ ನೀರು ಕುದಿಸಿಟ್ಟು ಪಂಕ್ತಿ ನೋಡಿಕೊಂಡು ಅಕ್ಕಿ ಹಾಕಿಸಿ. ಹಸಿ ಅಕ್ಕಿ ಮರುದಿನಕ್ಕೂ ಅಕ್ಕಿಯೇ.

ಗಮನಿಸಿ, ಸಾರು ಸಾಲದೆ ಹೋಗುವುದು ಅಪರೂಪ. ಅದಕ್ಕೆ ಬಿಸಿನೀರು, ಒಗ್ಗರಣೆಯ ದಾರಿ ಇದೆ. ಮಾನ ಹೋಗುವುದು ಎಣಿಸುವ ಪದಾರ್ಥಗಳಲ್ಲಿ: ಹೋಳಿಗೆ, ವಡೆ, ಜಿಲೇಬಿ. 300 ಜನಕ್ಕೆ 300 ಹೋಳಿಗೆ ತರಿಸಿದವರಿಗೆ 200ನೇ ಎಲೆ ದಾಟುವಾಗ ಬೆವರು ಬರುತ್ತದೆ. ತಲೆಗೆ ಒಂದೂವರೆ ಹಿಡಿಯಿರಿ, ಇಲ್ಲವೇ ಹೋಳಿಗೆ ಬಿಟ್ಟು ಪಾಯಸಕ್ಕೆ ಬನ್ನಿ. ಬಫೆಯಾದರೆ ಮೊದಲ ನೂರು ಜನ ಎರಡೆರಡು ಹಾಕಿಕೊಂಡೇ ಹೋಗುತ್ತಾರೆ. ಪಂಕ್ತಿಯಲ್ಲಿ ಬಡಿಸುವವನ ಕೈಗೆ ಒಂದು ಹಿಡಿತವಿರುತ್ತದೆ. ಮಾಟುಂಗಾದ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ನಡೆದು ಬಂದಿದೆ. ಅಲ್ಲಿ ತಟ್ಟೆಯ ಊಟ, ಬಾಳೆಎಲೆಯ ಊಟ ಬೇರೆ ಬೇರೆ. ಎಲೆಯ ಮುಂದೆ ಕೂತವರಿಗೆ ಬೇಕಾದಷ್ಟು ಬಡಿಸುತ್ತಾರೆ, ಆದರೆ ಬಡಿಸುವವರು ಅವರೇ. ಜಾಗ, ಕೈಯಾಳು ಎರಡೂ ಇದ್ದರೆ ನನ್ನ ಮತ ಪಂಕ್ತಿಗೇ.

ಕಿಂಗ್ಸ್ ಸರ್ಕಲ್‌ನ ಜಿಎಸ್‌ಬಿ ಗಣೇಶೋತ್ಸವದಲ್ಲಿ ಸಾವಿರಾರು ಜನ ಬಾಳೆಎಲೆಯಲ್ಲಿ ಉಣ್ಣುವುದನ್ನು ನೀವೂ ನೋಡಿರುತ್ತೀರಿ. ಅಲ್ಲಿ ಜನ ಬರುತ್ತಲೇ ಇರುತ್ತಾರೆ, ಎಡವಿದರೂ ಮುಂದಿನ ಪಂಕ್ತಿಯಲ್ಲಿ ಸರಿದೂಗುತ್ತದೆ. 300 ಜನರ ಊಟದಲ್ಲಿ ಆ ಅವಕಾಶವಿಲ್ಲ. ಇಲ್ಲಿ ತಪ್ಪು ಲೆಕ್ಕದ ಏಟು ಬೀಳುವುದು ಕೊನೆಯ ಪಂಕ್ತಿಗೆ. ಆ ಪಂಕ್ತಿಯಲ್ಲಿ ಕೂರುವವರು ಯಾರು? ಬಣ್ಣ ತೆಗೆದು ಬರುವ ಯಕ್ಷಗಾನ ಕಲಾವಿದರು, ಚೆಂಡೆಯವರು, ಬಡಿಸಿ ಬಡಿಸಿ ಸೊಂಟ ಹಿಡಿದ ಸ್ವಯಂಸೇವಕರು, ಧ್ವನಿವರ್ಧಕದ ಹುಡುಗ, ಹಾಲ್‌ನ ಕಾವಲುಗಾರ, ಪಾತ್ರೆ ತೊಳೆಯುವ ಹೆಂಗಸರು. ಆಹ್ವಾನ ಪಟ್ಟಿಯಲ್ಲಿ ಇವರಲ್ಲಿ ಹೆಚ್ಚಿನವರ ಹೆಸರೇ ಇರುವುದಿಲ್ಲ. ಒಂದು ಸಮಾರಂಭದಲ್ಲಿ ಮೂರೂವರೆಗೆ ಉಣ್ಣಲು ಬಂದ ಸ್ತ್ರೀವೇಷಧಾರಿಯ ಎಲೆಗೆ ಬಿದ್ದದ್ದು ಅನ್ನ, ಉಪ್ಪಿನಕಾಯಿ, ತಿಳಿಸಾರು. ಮುಖದ ಅಂಚಿನಲ್ಲಿ ಬಣ್ಣ ಇನ್ನೂ ಇತ್ತು. "ಪರವಾಗಿಲ್ಲ, ಸಾರು ಬಿಸಿ ಉಂಟು" ಎಂದರು. ವೇದಿಕೆಯ ಮೇಲೆ ಅವರಿಗೆ ಶಾಲು ಹೊದಿಸಿ ಎರಡು ಗಂಟೆ ಕೂಡ ಆಗಿರಲಿಲ್ಲ.

ಅಂದಿನಿಂದ ನಮ್ಮ ಹಾಳೆಯಲ್ಲಿ ಈ ಹೆಸರುಗಳೇ ಮೊದಲ ಸಾಲು. ಸುಮಾರು 40 ಜನರ ಪಲ್ಯ, ಹೋಳಿಗೆ, ಪಾಯಸ ಪಂಕ್ತಿ ಶುರುವಾಗುವ ಮೊದಲೇ ಬೇರೆ ಪಾತ್ರೆಗೆ ಹೋಗುತ್ತದೆ. ಕ್ಯಾಟರರ್ ಜೊತೆಗಿನ ಕರಾರಿನಲ್ಲೂ ಈ ಎಲೆಗಳನ್ನು ಸೇರಿಸಿಯೇ ಸಂಖ್ಯೆ ಬರೆಯುತ್ತೇವೆ. ಸೇರಿಸದಿದ್ದರೆ ಬಿಲ್ಲಿನ ಹೊತ್ತಿಗೆ ಜಗಳ ಖಂಡಿತ.

ಇಷ್ಟಾದರೂ ಉಳಿದರೆ? ಡಬ್ಬಾವಾಲಾಗಳು 2015ರಲ್ಲಿ ಶುರುಮಾಡಿದ ರೋಟಿ ಬ್ಯಾಂಕ್, ಮಾಜಿ ಪೊಲೀಸ್ ಕಮಿಷನರ್ ಡಿ. ಶಿವಾನಂದನ್ ಕಟ್ಟಿದ ಅದೇ ಹೆಸರಿನ ಸಂಸ್ಥೆ, ಇಂಥವರ ನಂಬರುಗಳನ್ನು ಮೊದಲೇ ಹುಡುಕಿಟ್ಟುಕೊಳ್ಳಿ. ಫೋನ್ ಮಾಡಬೇಕಾದದ್ದು ಬೆಳಗ್ಗೆ, ಸಂಜೆ ಐದಕ್ಕಲ್ಲ. ಮುಂಬಯಿಯ ಸೆಕೆಯಲ್ಲಿ ತೆಂಗಿನಕಾಯಿ ಹಾಕಿದ ಪಲ್ಯ ಅಷ್ಟು ಹೊತ್ತು ಕಾಯುವುದಿಲ್ಲ. ಕೊಡುವುದಿದ್ದರೆ ಎರಡು ಗಂಟೆಯೊಳಗೆ, ಬಡಿಸುವ ಸೌಟು ಮುಟ್ಟದ ಪಾತ್ರೆಯಿಂದ. ಅನ್ನ ಬೇರೆ, ಹುಳಿ ಬೇರೆ. ಮೊಸರನ್ನ ಕಲಸಿ ಕೊಡುವ ಉತ್ಸಾಹ ಬೇಡ.