ಐದಕ್ಷರ ಬಂತು, ಅಡಿಕೆ ಬರಲಿಲ್ಲ

ಕಳೆದ ದೀಪಾವಳಿ ರಜೆಗೆ ಸಾಗರದ ಹತ್ತಿರ ಇರೋ ನನ್ನ ತವರಿಗೆ ಹೋಗಿದ್ದೆ. ಅಡಿಕೆ ಸುಲಿಯೋ ಕಾಲ. ಅಂಗಳದ ತುಂಬ ಹಸಿ ಅಡಿಕೆ ರಾಶಿ, ಸುತ್ತ ಮೆಟ್ಟುಗತ್ತಿ ಹಿಡಿದು ಕೂತ ಹೆಂಗಸರು, ಅವರ ಮಧ್ಯೆ ಅಮ್ಮ. ಜಗಲಿ ಮೇಲೆ ಏಳನೇ ಕ್ಲಾಸಿನ ಅಣ್ಣನ ಮಗಳು ಕಣ್ಣು ಮುಚ್ಚಿಕೊಂಡು ಏನೋ ಜಪ ಮಾಡ್ತಾ ಇದ್ದಳು. ನನ್ನ ಕಂಡಿದ್ದೇ ತಡ, ನಾಲ್ಕು ಹಾಳೆ ಕೈಗೆ ತುರುಕಿ, "ಅತ್ತೆ, ನಾನು ಹೇಳ್ತಾ ಹೋಗ್ತೀನಿ, ನೀನು ಟಿಕ್ ಹಾಕು" ಅಂದಳು.

ಅದು ಐದಕ್ಷರದ ಇಂಗ್ಲಿಷ್ ಪದಗಳ ಪಟ್ಟಿ. ಅದರಲ್ಲೂ ಗುಂಪುಗಳು: ಮೂರು ಸ್ವರ ಇರೋವು, ಕ್ಯೂ ಇದ್ದು ಯು ಇಲ್ಲದವು, ಝಡ್‌ನಲ್ಲಿ ಮುಗಿಯೋವು. ಒಟ್ಟು ಮುನ್ನೂರು. ಶಾಲೆಯಲ್ಲಿ ಸ್ಪರ್ಧೆಯಂತೆ, "ಇಂಗ್ಲಿಷ್ ಪದಸಂಪತ್ತು ಹೆಚ್ಚಿಸೋದಕ್ಕೆ" ಅಂತ ಮೇಲೇ ಬರೆದಿತ್ತು.

"ಎ-ಆರ್-ಇ-ಸಿ-ಎ, ಅರೀಕಾ" ಅಂದಳು.

"ಹಾಗಂದ್ರೆ ಏನೇ?"

"ಅರ್ಥ ಕೇಳಲ್ಲ ಅತ್ತೆ. ಸ್ಪೆಲ್ಲಿಂಗ್ ಸರಿ ಇದ್ರೆ ಒಂದು ಮಾರ್ಕು."

ಅರೀಕಾ ಅಂದ್ರೆ ಅಡಿಕೆ ಕಣ್ರೀ! ಅವಳು ಕೂತಿದ್ದ ಜಾಗದಿಂದ ನಾಲ್ಕು ಮಾರು ದೂರದಲ್ಲಿ ಅದರ ರಾಶಿ ಬಿದ್ದಿತ್ತು. ಅವಳ ಶಾಲೆ ಫೀಸು ಕಟ್ಟಿದ್ದೂ ಅದೇ ಅಡಿಕೆ.

"ಬಿಡೆ, ಮಕ್ಕಳ ಆಟ ಅದು" ಅಂತ ಅಣ್ಣ ನಕ್ಕ. ಆಟ ಆಗಿದ್ದಿದ್ರೆ ನಾನೂ ಬಿಡ್ತಿದ್ದೆ. ನಾನೇನು ಆಟದ ವಿರೋಧಿ ಅಲ್ಲ. ದಿನಾ ಬೆಳಿಗ್ಗೆ ಕಾಫಿ ಜೊತೆ ವರ್ಡಲ್ ಆಡೋಳು ನಾನು. ಐದಕ್ಷರದ ಪದ, ಆರು ಅವಕಾಶ, ಹಸಿರು ಹಳದಿ ಚೌಕ. ಆದರೆ ಆ ಆಟ ಹುಟ್ಟಿದ ಕತೆಯನ್ನ ಈ ಪಟ್ಟಿ ಮಾಡೋರು ಒಮ್ಮೆ ಕೇಳಬೇಕು. ಜೋಶ್ ವಾರ್ಡಲ್ ಅನ್ನೋ ಪ್ರೋಗ್ರಾಮರ್ ತನ್ನ ಸಂಗಾತಿ ಪಲಕ್ ಶಾಗೋಸ್ಕರ ಅದನ್ನ ಮಾಡಿದ್ದು. 2021ರಲ್ಲಿ ಎಲ್ಲರಿಗೂ ತೆರೆದಿಟ್ಟ, 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡಿತು. ಇಂಗ್ಲಿಷಿನ ಐದಕ್ಷರದ ಪದಗಳು ಅಂತ ಲೆಕ್ಕ ಹಾಕಿದಾಗ ಸುಮಾರು 12,000 ಸಿಕ್ಕಿದ್ವು. ಬಹುಪಾಲು ಯಾರೂ ಕೇಳದೇ ಇದ್ದಂಥವು. ಆಗ ಪಲಕ್ ಶಾ ಒಂದೊಂದಾಗಿ ನೋಡಿ, ಇದು ನಂಗೊತ್ತು, ಇದು ಗೊತ್ತಿಲ್ಲ ಅಂತ ಜರಡಿ ಹಿಡಿದು ಸುಮಾರು 2,500ಕ್ಕೆ ಇಳಿಸಿದರು. ಉತ್ತರ ಕಂಡಾಗ "ಅಯ್ಯೋ, ಇದು ನಂಗೆ ಗೊತ್ತಿತ್ತಲ್ಲ!" ಅಂತ ಹಣೆ ಚಚ್ಚಿಕೊಳ್ತೀವಲ್ಲ, ಆ ಖುಷಿ ಬಂದಿದ್ದು ಆ ಜರಡಿಯಿಂದ. ನಮ್ಮ ಪಟ್ಟಿ ಮೇಷ್ಟ್ರುಗಳು ಆ ಜರಡಿಯಿಂದ ಕೆಳಗೆ ಬಿದ್ದಿದ್ದನ್ನ ಗುಡಿಸಿ ತಂದು ಮಕ್ಕಳ ಬಾಯಿಗೆ ಹಾಕ್ತಿದಾರೆ.

ಬಾಯಿಪಾಠ ಮಾಡಿದ್ರೆ ಆಟ ಗೆಲ್ಲಬಹುದು, ಇಲ್ಲ ಅನ್ನಲ್ಲ. ನ್ಯೂಜಿಲೆಂಡಿನ ನೈಜಲ್ ರಿಚರ್ಡ್ಸ್ 2015ರಲ್ಲಿ ಫ್ರೆಂಚ್ ಭಾಷೆಯ ಸ್ಕ್ರ್ಯಾಬಲ್ ವಿಶ್ವ ಚಾಂಪಿಯನ್ ಆದ. ಅವನಿಗೆ ಫ್ರೆಂಚ್ ಮಾತಾಡೋಕೆ ಬರ್ತಿರಲಿಲ್ಲ. ಕೆಲವೇ ವಾರಗಳಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ ಪದಕೋಶ ಉರು ಹೊಡೆದು ಹೋಗಿದ್ದ. ಅದು ಅದ್ಭುತ ನೆನಪಿನ ಶಕ್ತಿ, ಕೈ ಮುಗೀತೀನಿ. ಆದರೆ ಅವನನ್ನ ಪ್ಯಾರಿಸ್ಸಿನ ಯಾವುದಾದ್ರೂ ಹೋಟೆಲ್ಲಿನಲ್ಲಿ ಕೂರಿಸಿದ್ರೆ, ಆ ಉರು ಹೊಡೆದ ಪದಗಳಿಂದ ಒಂದು ಲೋಟ ನೀರು ಕೇಳೋಕಾದ್ರೂ ಆಗ್ತಿತ್ತಾ? ಅವನು ಗೆದ್ದಿದ್ದು ಆಟ. ನಾವು ಅದೇ ಕೆಲಸ ಮಕ್ಕಳ ಕೈಲಿ ಮಾಡಿಸಿ "ಇಂಗ್ಲಿಷ್ ಸುಧಾರಿಸ್ತು" ಅಂತ ಬೀಗ್ತೀವಿ. ನನ್ನ ತಕರಾರು ಇರೋದು ಇಲ್ಲಿ.

ಹೊಟ್ಟೆ ಉರಿಯೋದು ಯಾಕಂದ್ರೆ, ಆ ಪಟ್ಟಿಯಲ್ಲಿ ನಮ್ಮದೇ ಎಷ್ಟೊಂದು ಇದೆ. ಅರೀಕಾ ಪೋರ್ಚುಗೀಸರ ಬಾಯಿಂದ ಇಂಗ್ಲಿಷಿಗೆ ಹೋಯ್ತು, ಅವರಿಗೆ ಸಿಕ್ಕಿದ್ದು ಮಲಯಾಳದ ಅಡಯ್ಕದಿಂದ. ನಮ್ಮ ಅಡಿಕೆ ಅದರ ಒಡಹುಟ್ಟು. ಅದೇ ಹಾಳೆಯಲ್ಲಿ ಬೀಟಲ್ ಇತ್ತು, ಬಿ-ಇ-ಟಿ-ಇ-ಎಲ್. ಅದು ವೀಳ್ಯದೆಲೆ, ಮಲಯಾಳದ ವೆಟ್ಟಿಲ. ಕಾಪ್ರಾ ಇತ್ತು. ಅದು ಕೊಬ್ಬರಿ. ಮ್ಯಾಂಗೋ ಇತ್ತು, ನಮ್ಮ ಮಾವಿನಕಾಯಿಯ ನೆಂಟ. ಎಲ್ಲಾ ಐದಕ್ಷರದವೇ. ಅಮ್ಮನ ಎಲೆಬಟ್ಟಲು ಮತ್ತು ಅಡುಗೆಮನೆ ಸೇರಿದರೆ ಒಂದು ಪುಟದ ಪಾಠ ಆಗ್ತಿತ್ತು.

ಕ್ಯೂ ಇದ್ದು ಯು ಇಲ್ಲದ ಗುಂಪಿನಲ್ಲಿ ಕನಾತ್ ಇತ್ತು, ಕ್ಯೂ-ಎ-ಎನ್-ಎ-ಟಿ. ನೆಲದಡಿಯ ಸುರಂಗದಲ್ಲಿ ದೂರದಿಂದ ನೀರು ಹರಿಸಿ ತರೋ ಇರಾನಿನ ವ್ಯವಸ್ಥೆ. ಬಹಮನಿ ಸುಲ್ತಾನರ ಕಾಲದಲ್ಲಿ ಅದೇ ವಿದ್ಯೆ ಬೀದರಿಗೂ ಬಂತು. ಅಲ್ಲಿನ ನೌಬಾದಿನಲ್ಲಿ ಇವತ್ತಿಗೂ ಇದೆ, ಕರೇಜ್ ಅಂತಾರೆ, ಸುರಂಗ ಬಾವಿ ಅಂತಲೂ ಅಂತಾರೆ. ಇಷ್ಟು ಹೇಳಿದ್ದಕ್ಕೇ ಹುಡುಗಿ ಕಣ್ಣರಳಿಸಿ, "ನಾವು ನೋಡೋಕೆ ಹೋಗೋಣ್ವಾ ಅತ್ತೆ?" ಅಂದಳು. ಮುನ್ನೂರು ಪದದಲ್ಲಿ ಅವಳು ಪ್ರಶ್ನೆ ಕೇಳಿದ ಮೊದಲ ಪದ ಅದು.

ನಮ್ಮ ಪತ್ರಿಕೆಗಳ ಪದಬಂಧ ನೋಡಿ. ಅಲ್ಲೂ ಎಷ್ಟು ಅಕ್ಷರ ಅಂತ ಆವರಣದಲ್ಲಿ ಕೊಟ್ಟಿರ್ತಾರೆ. ಆದರೆ ಮೊದಲು ಬರೋದು ಸುಳಿವು, ಅಂದ್ರೆ ಅರ್ಥ. ಅರ್ಥ ಹೊಳೀದೆ ಮನೆ ತುಂಬಲ್ಲ. ಅಮ್ಮ ಓದಿದ್ದು ನಾಲ್ಕನೇ ಕ್ಲಾಸು, ಭಾನುವಾರದ ಪದಬಂಧ ಬಿಡೋಳಲ್ಲ. ಗೊತ್ತಿಲ್ಲದ ಪದ ಬಂದ್ರೆ ಪಕ್ಕದ ಮನೆಗೆ ಹೋಗಿ ಕೇಳಿಕೊಂಡು ಬರ್ತಾಳೆ. ಪದಸಂಪತ್ತು ಹೆಚ್ಚೋದು ಹಾಗೆ.

"ಅಲ್ಲಾ ಮೇಡಂ, ಸ್ಪೆಲ್ಲಿಂಗ್ ಆದ್ರೂ ಕಲೀತಾರಲ್ಲ" ಅಂತ ನೀವು ಅನ್ನಬಹುದು. ಕಲೀತಾರೆ, ಸ್ಪರ್ಧೆ ಮುಗಿಯೋ ತನಕ. ಬಳಸದ ಪದ ಅಟ್ಟದ ಮೇಲಿನ ಪಾತ್ರೆ ಇದ್ದ ಹಾಗೆ, ಇದೆ ಅನ್ನೋದೇ ಮರೆತುಹೋಗುತ್ತೆ. ಹಳ್ಳಿ ಮಕ್ಕಳಿಗೆ ಇಂಗ್ಲಿಷ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಬೇಕು ಅಂತಲೇ ಹೇಳ್ತಿರೋದು, ಅವರಿಗೆ ಹೊಟ್ಟು ಕೊಟ್ಟು ಅಕ್ಕಿ ಅನ್ನಬೇಡಿ.

ಪಟ್ಟಿ ಕೊಡಲೇಬೇಕಾ, ಕೊಡಿ. ಮುನ್ನೂರು ಬೇಡ, ಮೂವತ್ತು ಕೊಡಿ. ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಕೇಳಿ: ಹಾಗಂದ್ರೆ ಏನು, ಎಲ್ಲಿಂದ ಬಂತು, ನಿನ್ನ ಮನೆ ಬಗ್ಗೆ ಒಂದು ವಾಕ್ಯದಲ್ಲಿ ಅದನ್ನ ಬಳಸು. ಮಾರ್ಕು ಅದಕ್ಕೆ ಕೊಡಿ.

ಅವತ್ತು ಸಂಜೆ ಅಣ್ಣನ ಮಗಳು ಅರೀಕಾ ಪಕ್ಕದಲ್ಲಿ ಒಂದು ಇಂಗ್ಲಿಷ್ ವಾಕ್ಯ ಬರೆದಳು. ನಮ್ಮಜ್ಜಿ ದಿನಾ ಅಡಿಕೆ ಸುಲೀತಾಳೆ, ಅವಳ ಬೆರಳು ಕಪ್ಪಾಗಿದೆ ಅಂತ. ಎರಡು ವ್ಯಾಕರಣ ತಪ್ಪಿತ್ತು. ನಾನು ಟಿಕ್ ಹಾಕಿದೆ.